ಫುಸಾ ಅವರ ಚಾಕು

ಗಿರಾಕಿಗಳಿಗೆ ಬೆಣ್ಣೆ ಹಚ್ಚುವ ಮಾತು ನನಗೆ ಬರುವುದಿಲ್ಲ. ಜಪಾನಿನ ಸಕಾಯಿಯಲ್ಲಿರುವ ನಮ್ಮ ಅಂಗಡಿಯದು ಒರೆಸಿಡದಿದ್ದರೆ ತುಕ್ಕು ಹಿಡಿಯುವ ಅಪ್ಪಟ ಉಕ್ಕಿನ ಚಾಕು. ಇಲ್ಲಿಗೆ ಬಂದು "ತುಕ್ಕು ಹಿಡಿಯದ್ದು ಕೊಡಿ" ಎಂದವರಿಗೆ ಎದುರಿನ ಪಾತ್ರೆ ಅಂಗಡಿ ತೋರಿಸುತ್ತೇನೆ. ಹೀಗೆ ಎಷ್ಟು ವ್ಯಾಪಾರ ಕೈತಪ್ಪಿದೆ ಎಂದು ನನ್ನ ಹೆಂಡತಿಯನ್ನು ಕೇಳಬೇಕು.

ಫುಸಾ ಅವರು ಅಂಥ ಗಿರಾಕಿಯಲ್ಲ. ಮದುವೆಯಾದ ಹೊಸದರಲ್ಲಿ ಬಂದು, ಹನ್ನೊಂದು ಚಾಕು ಕೈಯಲ್ಲಿ ತೂಗಿ ನೋಡಿ, ಅಗಲ ಅಲಗಿನ ತರಕಾರಿ ಚಾಕು ಆರಿಸಿ, ಅದರ ಮೇಲೆ ಹೆಸರು ಕೆತ್ತಿಸಿಕೊಂಡು ಹೋಗಿದ್ದರು. ಹೆಚ್ಚಿದ ಕೂಡಲೇ ಬಿಸಿನೀರಲ್ಲಿ ತೊಳೆದು, ಒರೆಸಿಟ್ಟು, ಆಮೇಲೆಯೇ ಊಟಕ್ಕೆ ಕೂರುವವರು. ಸಾಣೆಗೆ ತಂದಾಗಲೆಲ್ಲ ಅಲಗು ನೀಲಿಗಪ್ಪಾಗಿ ಇರುತ್ತಿತ್ತು, ತುಕ್ಕಿನ ಚುಕ್ಕೆ ಇರುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಆ ಚಾಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದವಳು ಅವರ ಸೊಸೆ ಶಿಹೊ.

"ಯಜಮಾನ್ರೇ, ಇಂಥದ್ದೇ ಇನ್ನೊಂದು ಕೊಡಿ. ಅತ್ತೆಗೆ ಗೊತ್ತಾಗ್ಬಾರ್ದು."

"ಏನ್ಮಾಡ್ದೆ?"

"ಉಪ್ಪಲ್ಲಿ ಹಾಕಿದ ಮೂಲಂಗಿ ಹೆಚ್ತಾ ಇದ್ದೆ. ಫೋನ್ ಬಂತು, ಹಾಗೇ ಮರ್ತೆ."

ಕೆಂಪು ತುಕ್ಕು ಒಂದು ಬೆರಳಗಲ ಹಬ್ಬಿತ್ತು.

"ಮೂವತ್ತೆಂಟು ವರ್ಷ ಸಾಣೆ ಹಿಡ್ದು ಎರಡು ಬೆರಳಗಲ ಸವೆದಿರೋ ಚಾಕು ಕಣಮ್ಮ ಇದು. ಹೊಸದು ಇಟ್ರೆ ನಿಮ್ಮತ್ತೆ ಕಣ್ಮುಚ್ಚಿ ಹಿಡಿದ್ರೂ ಹೇಳ್ತಾರೆ. ಕೂತ್ಕೋ, ತುಕ್ಕು ತೆಗೆದುಕೊಡ್ತೀನಿ."

ಕೆಂಪು ಬೇಗ ಹೋಯಿತು. ಅದರಡಿಯಲ್ಲಿ ಐದಾರು ಕಡೆ ಹಳೆಯ ಕಪ್ಪು ಗುಳಿಗಳಿದ್ದವು. ಪಾತ್ರೆ ತಿಕ್ಕುವ ತಂತಿಯಿಂದ ಯಾರೋ ಅವನ್ನು ಅಡ್ಡಾದಿಡ್ಡಿ ಉಜ್ಜಿದ್ದರು.

"ಎಷ್ಟು ಸಲ ಹೀಗೆ ಬಿಟ್ಟಿದ್ದೀಯ?"

"ಒಂದೇ ಸಲ. ಅವರು ನನಗೆ ಮುಟ್ಟೋಕೇ ಬಿಡಲ್ಲ. ನಿನ್ನೆ ಅವರು ಮನೇಲಿರ್ಲಿಲ್ಲ ಅಂತ ತಗೊಂಡೆ."

"ಹಾಗಾದ್ರೆ ಈ ಹಳೇ ತುಕ್ಕಿನ ಗುಳಿ ನಿನ್ನಿಂದಾದವಲ್ಲ."

ಹಿಂದುಮುಂದು ನೋಡದೆ ಹೇಳಿಬಿಟ್ಟೆ. ಅವಳು ಗುಳಿಗಳನ್ನು ಒಂದೊಂದಾಗಿ ಮುಟ್ಟಿದಳು.

"ಹೋದ ತಿಂಗಳು ಸಾರಿಗೆ ಹಾಕೋ ಮಿಸೊ ಡಬ್ಬಿ ಬಟ್ಟೆ ಬೀರುವಿನಲ್ಲಿ ಸಿಕ್ತು. ನೀನೇ ಇಟ್ಟಿದ್ದು ಅಂತ ಅತ್ತೆ ಬೈದ್ರು. ನಾನೇ ಮರೆತಿರ್ಬೋದು ಅಂದ್ಕೊಂಡೆ." ತಂತಿಯ ಗೀರುಗಳ ಮೇಲೆ ಬೆರಳೆಳೆದಳು. "ಈ ತುಕ್ಕೆಲ್ಲ ನಂದೇ ಆಗಿದ್ರೆ ಚೆನ್ನಾಗಿತ್ತು."

ನನಗೆ ಬೇಸರವಾಯಿತು. ಕೈ ಮಾತ್ರ ಸಾಣೆಕಲ್ಲಿನ ಮೇಲೆ ಓಡುತ್ತಲೇ ಇತ್ತು.

ಹೊರಡುವಾಗ ತುಕ್ಕು ಹಿಡಿಯದಂತೆ ಚಾಕಿಗೆ ಹಚ್ಚುವ ಕಮೀಲಿಯಾ ಎಣ್ಣೆಯ ಸೀಸೆಯೊಂದನ್ನು ಕೊಂಡಳು.

"ಅತ್ತೆ ಟೀವಿ ಮುಂದೆ ಕೂತ್ಮೇಲೆ ದಿನಾ ಒರೆಸಿ ಹಚ್ಚಿದ್ರೆ ಸಾಕಾ?"

"ಸಾಕು."

ಚಳಿಗಾಲದಲ್ಲಿ ಫುಸಾ ಅವರೇ ಸೊಸೆಯನ್ನು ಕರೆದುಕೊಂಡು ಸಾಣೆಗೆ ಬಂದರು. ಆ ಗುಳಿಗಳನ್ನಷ್ಟು ಬಿಟ್ಟರೆ ಅಲಗು ಮೊದಲಿನ ಹಾಗೆ ನೀಲಿಗಪ್ಪಾಗಿತ್ತು.

"ನೋಡಿ, ಎಲ್ಲಾದ್ರೂ ತುಕ್ಕಿದ್ಯಾ? ಇವಳ ಕೈಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಗುಜರಿ ಸೇರಿರೋದು. ಒಂದು ಚಾಕು ಒರೆಸೋಕೂ ಬರಲ್ಲ ಇವಳಿಗೆ."

ಅಲಗಿನ ಮೇಲೆ ಬೆರಳಾಡಿಸಿದೆ. ಎಣ್ಣೆ ಅಂಟಿತು.

"ನಿಮ್ಮ ಹಾಗೆ ನೋಡ್ಕೊಳ್ಳೋರು ಈ ಊರಲ್ಲೇ ಇಲ್ಲ ಬಿಡಿ," ಎಂದೆ.

ಅತ್ತೆಯ ಬೆನ್ನ ಹಿಂದೆ ನಿಂತಿದ್ದ ಶಿಹೊ ನನಗೆ ಸೊಂಟ ಬಾಗಿಸಿ ನಮಸ್ಕರಿಸಿದಳು.