ಬೋರ್ಡಿನ ಮೇಲಿನ ಶುಕ್ರವಾರ

ಇಮೇಲ್ ಬಂದಾಗ ಓರಾಲಿಯಾ ಖಾಲಿ ತರಗತಿಯಲ್ಲಿ ಕ್ಯಾಲ್ಕ್ಯುಲೇಟರುಗಳನ್ನು ಎಣಿಸುತ್ತಿದ್ದಳು. ಮೊದಲ ಸಲ ಇಪ್ಪತ್ತೇಳು ಬಂತು, ಎರಡನೇ ಸಲ ಇಪ್ಪತ್ತೆಂಟು. ಮೂರನೇ ಸಲ ಎಣಿಸುವ ಮುಂಚೆ ಸುಮ್ಮನೆ ಪರದೆಯತ್ತ ಕಣ್ಣು ಹಾಯಿಸಿದಳು. ಕಾಲೇಜಿನ ದಾಖಲಾತಿ ಕಚೇರಿಯಿಂದ ಎಲ್ಲ ಅಧ್ಯಾಪಕರಿಗೂ ಬಂದ ಒಂದೇ ಸಾಲು: ‘ನೆನಪಿರಲಿ, ಕೋರ್ಸ್ ಕೈಬಿಡುವವರಿಗೆ ಇಂದು ಗುರುವಾರ ಸಂಜೆ ಐದು ಗಂಟೆಯೇ ಕೊನೆ.’

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಬೋರ್ಡಿನ ಕಡೆ ತಿರುಗಿದಳು. ಬಲಗಡೆಯ ಮೂಲೆಯಲ್ಲಿ, ಹಸಿರು ಪೆನ್ನಿನಲ್ಲಿ, ಸುತ್ತಲೂ ಚೌಕ ಹಾಕಿ ಅವಳೇ ಬರೆದದ್ದು ಎರಡು ವಾರದಿಂದ ಹಾಗೇ ಇತ್ತು: ‘ಕೋರ್ಸ್ ಕೈಬಿಡಲು ಕೊನೆಯ ದಿನ: ಶುಕ್ರವಾರ.’ ಕೆಳಗೆ ‘ಅಳಿಸಬೇಡಿ’ ಎಂದು ಬರೆದು ಎರಡು ಗೆರೆ ಎಳೆದಿದ್ದಳು.

ಗಡಿಯಾರ ಮೂರು ಗಂಟೆ ಹನ್ನೆರಡು ನಿಮಿಷ ತೋರಿಸುತ್ತಿತ್ತು.

ಅದು ಹೈಸ್ಕೂಲಿನ ಕೋಣೆಯಲ್ಲೇ ನಡೆಯುವ ಕಾಲೇಜಿನ ಬೀಜಗಣಿತ. ಹದಿನಾರು ಹದಿನೇಳರ ಮಕ್ಕಳು ಅದೇ ಹಳೆಯ ಡೆಸ್ಕಿನಲ್ಲಿ ಕೂತು, ಒಂದು ಗಂಟೆಯ ಮಟ್ಟಿಗೆ ಕಾಲೇಜು ವಿದ್ಯಾರ್ಥಿಗಳಾಗುತ್ತಿದ್ದರು. ಪಾಸಾದರೆ ಎರಡೂ ಕಡೆ ಲೆಕ್ಕಕ್ಕೆ ಬರುತ್ತಿತ್ತು. ಫೇಲಾದರೂ ಎರಡೂ ಕಡೆ. ಗೋಡೆಗೆ ಎರಡು ಕ್ಯಾಲೆಂಡರುಗಳಿದ್ದವು, ಶಾಲೆಯದು ನೀಲಿ, ಕಾಲೇಜಿನದು ಹಸಿರು. ಎರಡರ ರಜೆಗಳು ಬೇರೆ, ಗಡುವುಗಳು ಬೇರೆ. ಪ್ರತಿ ಆಗಸ್ಟಿನಲ್ಲೂ ಹೊಸ ಮಕ್ಕಳಿಗೆ ಅವಳು ಹೇಳುತ್ತಿದ್ದ ಮೊದಲ ಮಾತೇ ‘ಹಸಿರು ನೋಡಿ, ನೀಲಿ ಮರೆತುಬಿಡಿ’ ಎಂದು. ಈ ಸಲ ಅವಳೇ ಹಸಿರು ಪೆನ್ನು ಕೈಯಲ್ಲಿ ಹಿಡಿದು ನೀಲಿ ಕ್ಯಾಲೆಂಡರಿನ ದಿನವನ್ನು ನಕಲು ಮಾಡಿದ್ದಳು.

ಫೇಲಾಗುವ ಅಂಚಿನಲ್ಲಿದ್ದವರು ಆರು ಮಂದಿ. ಐವರು ಹೋದ ವಾರವೇ ಒಂದು ತೀರ್ಮಾನಕ್ಕೆ ಬಂದು ಮುಗಿಸಿದ್ದರು. ಉಳಿದವಳು ಅರಾಸೆಲಿ. ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು, “ನಾಳೆ ಹೇಳ್ತೀನಿ ಮಿಸ್, ಶುಕ್ರವಾರದ ತನಕ ಟೈಮಿದೆಯಲ್ಲ?” ಎಂದಿದ್ದಳು.

“ಇದೆ” ಎಂದಿದ್ದಳು ಓರಾಲಿಯಾ.

ಅರಾಸೆಲಿಯ ಸರಾಸರಿ ಐವತ್ತೆಂಟು. ಪಾಸಾಗಲು ಎಪ್ಪತ್ತು ಬೇಕು, ಅಂದರೆ ಕೊನೆಯ ಪರೀಕ್ಷೆಯಲ್ಲಿ ಎಂಬತ್ತೆಂಟು ತೆಗೆಯಬೇಕು. ಇದುವರೆಗೆ ಅವಳು ತೆಗೆದದ್ದರಲ್ಲಿ ಅತಿ ಹೆಚ್ಚೆಂದರೆ ಎಪ್ಪತ್ತೊಂದು. ಇವತ್ತು ಕೈಬಿಟ್ಟರೆ ಕಾಲೇಜಿನ ದಾಖಲೆಯಲ್ಲಿ ಕೋರ್ಸ್ ಬಿಟ್ಟದ್ದಕ್ಕೆ ಗುರುತಾಗಿ, ಯಾರಿಗೂ ನೋವಾಗದ ಒಂದು ‘ಡಬ್ಲ್ಯು’ ಬೀಳುತ್ತದೆ. ಬಿಡದೆ ಫೇಲಾದರೆ ‘ಎಫ್’. ಅದು ಅಲ್ಲೇ ಇರುತ್ತದೆ, ಅವಳಿಗೆ ಮೊಮ್ಮಕ್ಕಳಾದರೂ ಇರುತ್ತದೆ. ವಿಶ್ವವಿದ್ಯಾಲಯದವರು ನರ್ಸಿಂಗ್ ಸೀಟು ಕೊಟ್ಟಾಗ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು, ಒಂದು ಎಫ್ ಇದ್ದರೂ ಸೀಟಿಲ್ಲ ಎಂದು. ಆದರೆ ಬಿಟ್ಟರೆ ಇನ್ನೊಂದು ಕಷ್ಟ. ಹೈಸ್ಕೂಲಿನ ಜೊತೆಜೊತೆಗೇ ಓದುತ್ತಿದ್ದ ಎರಡು ವರ್ಷದ ಕಾಲೇಜು ಪದವಿಗೆ ಅವಳಿಗೆ ಉಳಿದಿದ್ದುದು ಇದೊಂದೇ ಕೋರ್ಸು. ಹೈಸ್ಕೂಲಿನ ಸಮಾರಂಭಕ್ಕಿಂತ ಒಂದು ವಾರ ಮೊದಲೇ, ಮೇ ತಿಂಗಳಲ್ಲಿ, ಅವಳು ಪದವಿ ಪಡೆಯಲು ಕಾಲೇಜಿನ ವೇದಿಕೆ ಹತ್ತುವವಳಿದ್ದಳು. ಗಡಿಯ ನದಿಯಾಚೆಯ ರೆನೋಸಾ ಊರಿನಿಂದ ಚಿಕ್ಕಮ್ಮಂದಿರು ಬರುವುದು ನಿಶ್ಚಯವಾಗಿತ್ತು. ಅವಳ ತಾಯಿ ಪದವಿಯ ದಿನ ತೊಡುವ ನಿಲುವಂಗಿಯನ್ನು ಇಸ್ತ್ರಿ ಮಾಡಿ ಬಾಗಿಲಿಗೆ ನೇತುಹಾಕಿ ತಿಂಗಳಾಗಿತ್ತು.

ಓರಾಲಿಯಾ ಕಾಲೇಜಿಗೆ ಫೋನು ಮಾಡಿದಳು.

“ಹುಡುಗಿಗೆ ಹದಿನೆಂಟು ತುಂಬಿದೆಯಾ?” ಆಚೆಯ ಹೆಂಗಸು ಕೇಳಿದಳು.

“ಜೂನಿಗೆ ತುಂಬುತ್ತೆ.”

“ಹಾಗಾದ್ರೆ ತಂದೆ ಅಥವಾ ತಾಯಿ ಸಹಿ ಬೇಕು ಮೇಡಂ. ಕೈಯಲ್ಲೇ ಹಾಕಿರ್ಬೇಕು. ಫೋಟೋ ತೆಗ್ದು ಕಳ್ಸಿದ್ರೂ ಆಗುತ್ತೆ, ಐದರೊಳಗೆ.”

“ತಪ್ಪು ನನ್ನದು. ಬೋರ್ಡಿನ ಮೇಲೆ ನಾನೇ ತಾರೀಕು ತಪ್ಪು ಬರ್ದಿದ್ದೆ. ಒಂದೇ ಒಂದು ದಿನ…”

“ಮೇಡಂ, ಒಂದೇ ಒಂದು ದಿನ ಅಂತ ಇವತ್ತು ಕೇಳ್ದವರಲ್ಲಿ ನೀವು ಒಂಬತ್ತನೆಯವರು” ಎಂದಳು ಆಕೆ. ಅದರಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು.

ಈ ತರಗತಿಗೆ ಪಾಠ ಮಾಡುವ ಅರ್ಹತೆಗಾಗಿ ಓರಾಲಿಯಾ ನಾಲ್ಕು ವರ್ಷ ಸಂಜೆ ಕಾಲೇಜಿಗೆ ಹೋಗಿದ್ದಳು. ಹಗಲೆಲ್ಲ ಪಾಠ ಹೇಳಿ, ಸಂಜೆ ತನಗಿಂತ ಹದಿನೈದು ವರ್ಷ ಚಿಕ್ಕವರ ಪಕ್ಕದಲ್ಲಿ ಕೂತು ಪಾಠ ಕೇಳಿ ಬರುತ್ತಿದ್ದಳು. ಕಾಲೇಜಿನವರು ಒಪ್ಪಿದ ದಿನದಿಂದಲೂ, ಯಾರೋ ಬಂದು ಬಾಗಿಲು ತಟ್ಟಿ ‘ಕ್ಷಮಿಸಿ, ನಾವು ಕರೆದದ್ದು ನಿಮ್ಮನ್ನಲ್ಲ’ ಎನ್ನುವರೆಂದು ಒಳಗೊಳಗೇ ಕಾಯುತ್ತಿದ್ದಳು. ಇವತ್ತು ಬಂದರು ಎಂದುಕೊಂಡಳು. ಅರ್ಜಿಯನ್ನು ಮುದ್ರಿಸಿ, ಎರಡು ಪ್ರತಿ ತೆಗೆದುಕೊಂಡು, ಸಂಗೀತದ ಕೋಣೆಗೆ ಓಡಿದಳು.

ಅರಾಸೆಲಿ ಅಲ್ಲಿ ಮರಿಯಾಚಿ ಎಂಬ ಮೆಕ್ಸಿಕನ್ ಹಾಡು-ವಾದ್ಯಗಳ ತಂಡದವರ ಜೊತೆ ಅಭ್ಯಾಸ ಮಾಡುತ್ತಿದ್ದಳು. ಅವಳು ನುಡಿಸುವ ಗಿಟಾರೋನ್ ಎಂಬ ದೊಡ್ಡ ಹೊಟ್ಟೆಯ ವಾದ್ಯದ ಹಿಂದೆ ಅವಳು ಅರ್ಧ ಮುಚ್ಚಿಹೋಗಿದ್ದಳು. ಮೇಡಂ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತದ್ದು ಕಂಡು ತಂತಿಯ ಮೇಲಿನ ಕೈ ಹಾಗೇ ನಿಂತಿತು.

ಕಾರಿಡಾರಿನಲ್ಲಿ ವಿಷಯ ಕೇಳಿ ಅವಳು ಮೊದಲು ನಕ್ಕಳು. “ನೀವು? ತಾರೀಕು ತಪ್ಪು ಬರೆದ್ರಾ? ಮಿಸ್, ನೀವು ನಮ್ ಹೆಸರಿನ ಮೇಲಿನ ಚುಕ್ಕಿ ಬಿಟ್ಟೋದ್ರೂ ಮಾರ್ಕ್ಸ್ ಕತ್ತರಿಸ್ತೀರ!” ಆಮೇಲೆ ಅವಳ ಮುಖದ ಬಣ್ಣ ಇಳಿಯಿತು. “ಅಮ್ಮ ಪ್ಯಾಕಿಂಗ್ ಶೆಡ್ಡಲ್ಲಿ ಕೆಲಸದಲ್ಲಿದ್ದಾಳೆ. ಈರುಳ್ಳಿ ಸೀಸನ್. ಒಳಗೆ ಫೋನ್ ತಗೊಂಡು ಹೋಗೋ ಹಾಗಿಲ್ಲ.”

“ಬಿಡುವು ಎಷ್ಟು ಹೊತ್ತಿಗೆ?”

“ನಾಲ್ಕೂವರೆಗೆ. ಹತ್ತೇ ನಿಮಿಷ.”

ವಿದ್ಯಾರ್ಥಿಗಳನ್ನು ಸ್ವಂತ ಕಾರಿನಲ್ಲಿ ಕೂರಿಸಿಕೊಳ್ಳಬಾರದೆಂಬ ನಿಯಮವಿತ್ತು. ಓರಾಲಿಯಾ ಕಚೇರಿಯ ಕಿಟಕಿಯ ಬಳಿ ನಿಂತು, ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದಳು. ಗುಮಾಸ್ತೆ ಚಾಪಾ ಕನ್ನಡಕದ ಮೇಲಿಂದ ನೋಡಿದಳು. “ಹತ್ತೊಂಬತ್ತು ವರ್ಷದಲ್ಲಿ ಮೊದಲ್ನೇ ತಪ್ಪು. ಅದಕ್ಕೂ ಸೈನ್ ಹಾಕಿ ಹೋಗ್ತಿದ್ದೀಯಲ್ಲೇ ಓರಾಲಿಯಾ!”

“ಮೊದಲ್ನೇದಲ್ಲ ಬಿಡಕ್ಕ” ಎಂದಳು ಓರಾಲಿಯಾ.

ನಾಲ್ಕಕ್ಕೆ ಸಂಗೀತದ ಕೋಣೆಗೆ ಬೀಗ ಬೀಳುತ್ತಿದ್ದುದರಿಂದ ಗಿಟಾರೋನನ್ನೂ ತರಬೇಕಾಯಿತು. ಅದು ಹಿಂದಿನ ಸೀಟನ್ನು ಪೂರ್ತಿ ಹಿಡಿದು, ಊರಿಗೆ ಹೊರಟ ಅಜ್ಜಿಯ ಹಾಗೆ ಒರಗಿ ಕೂತಿತು. ರಸ್ತೆಯುದ್ದಕ್ಕೂ ಈರುಳ್ಳಿ ಲಾರಿಗಳು. ಒಂದರ ಹಿಂದೆ ಸಿಕ್ಕಿಕೊಂಡು, ದಾಟಲಾಗದೆ, ಓರಾಲಿಯಾ ಒಮ್ಮೆ ಗಡಿಯಾರ, ಒಮ್ಮೆ ರಸ್ತೆ ನೋಡುತ್ತಲೇ ಇದ್ದಳು.

“ನಾನು ಎಂಬತ್ತೆಂಟು ತೆಗೀತೀನಿ ಮಿಸ್. ಸಹಿ ಬೇಡ. ವಾಪಸ್ ಹೋಗೋಣ.”

“ಅದನ್ನ ನಿಮ್ಮಮ್ಮನ ಮುಂದೆ ಹೇಳು.”

“ಅವಳಿಗೆ ಐವತ್ತೆಂಟು ಅಂತ ಹೇಳ್ಬೇಡಿ. ದಮ್ಮಯ್ಯ.”

“ನಾನು ಹೇಳೋ ಹಾಗೇ ಇಲ್ಲ. ಕಾಲೇಜಿನ ಅಂಕ ನಿನ್ನ ಸ್ವತ್ತು. ನೀನು ಒಪ್ಪದೆ ಹೆತ್ತವರಿಗೂ ಹೇಳ್ಬಾರ್ದು ಅಂತ ರೂಲಿದೆ.”

ಅರಾಸೆಲಿಗೆ ಇದು ಹೊಸ ಸುದ್ದಿ. “ಹಾಗಾದ್ರೆ ಅಮ್ಮ ಕೇಳಿದ್ರೆ ಏನಂತೀರ?”

“ಸುಳ್ಳಂತೂ ಹೇಳಲ್ಲ” ಎಂದಳು ಓರಾಲಿಯಾ.

ಶೆಡ್ಡಿನ ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ನಾಲ್ಕೂವರೆಗೆ ಗಂಟೆ ಹೊಡೆದು ಹೆಂಗಸರು ಹೊರಗೆ ಬಂದರು. ಅರಾಸೆಲಿಯ ತಾಯಿ ಎರ್ಮೀನಿಯಾ ತಲೆಯ ಬಲೆ ತೆಗೆಯದೆ, ತೋಳಿಗೆಲ್ಲ ಈರುಳ್ಳಿಯ ಒಣಸಿಪ್ಪೆ ಅಂಟಿಸಿಕೊಂಡೇ ಓಡಿಬಂದಳು.

“ಏನಾಯ್ತು? ಟೀಚರಮ್ಮ, ಏನಾಯ್ತು ನನ್ ಮಗೀಗೆ? ಸೆಲಿ, ಏಟು ಗೀಟು ಬಿತ್ತೇನವ್ವ?”

“ಏನೂ ಇಲ್ಲಮ್ಮ. ಒಂದು ಸಹಿ ಬೇಕಿತ್ತು” ಎಂದಳು ಅರಾಸೆಲಿ.

ಎರ್ಮೀನಿಯಾ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. “ಅಯ್ಯೋ, ಅಷ್ಟೇಯಾ! ಕೊಡು ಇತ್ಲಾಗೆ.” ಪೆನ್ನು ತೆಗೆದುಕೊಂಡು, ಕಾರಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು, ಬಗ್ಗಿದವಳು ಹಾಗೇ ನಿಂತಳು. ತಲೆ ಎತ್ತಿ ಓರಾಲಿಯಾಳ ಮುಖ ನೋಡಿದಳು.

“ಇಷ್ಟು ವರ್ಸ ಇವ್ಳು ಮುಂದೆ ಹಿಡ್ದಿದ್ಕೆಲ್ಲ ಸೈನ್ ಹಾಕಿವ್ನಿ. ಓದೋಕೆ ಬರಾಕಿಲ್ಲ, ಹಾಕಿವ್ನಿ. ಆದ್ರೆ ಇವತ್ತು ನೀವೇ ಇಲ್ಲೀಗಂಟ ಬಂದಿದೀರಿ. ಏನೈತೆ ಇದ್ರಾಗೆ?”

“ಗಣಿತದ ಕೋರ್ಸು ಬಿಡ್ತೀನಿ ಅಂತ ಇದೆ” ಎಂದಳು ಓರಾಲಿಯಾ.

“ಬಿಟ್ರೆ?”

“ಮೇ ತಿಂಗಳಲ್ಲಿ ಕಾಲೇಜಿನ ವೇದಿಕೆ ಹತ್ತೋದಿಲ್ಲ. ಹೈಸ್ಕೂಲಿಂದು ಇರುತ್ತೆ.”

ಎರ್ಮೀನಿಯಾ ಪೆನ್ನನ್ನು ಬಾನೆಟ್ಟಿನ ಮೇಲಿಟ್ಟಳು. ಉರುಳಿ ಬೀಳದಂತೆ ಬೆರಳು ಅಡ್ಡ ಹಿಡಿದಿದ್ದಳು. “ಯಾಕ್ ಬಿಡ್ಬೇಕು? ಫೇಲಾಗವ್ಳಾ?”

“ಅದನ್ನ ನಾನು ಹೇಳೋ ಹಾಗಿಲ್ಲಮ್ಮ.”

“ನಾನು ಹೆತ್ತೋಳು.”

“ಗೊತ್ತು.”

“ಸೈನ್ ಹಾಕಾಕೆ ಅವ್ವ ಬೇಕು. ಗುಟ್ಟು ಹೇಳಾಕೆ ಅವ್ವ ಬ್ಯಾಡ. ಚೆಂದಾಗೈತೆ ನಿಮ್ ಕಾಲೇಜು!”

ಆ ಕಡೆ ನೆರಳಿನಲ್ಲಿ ಸೋಡಾ ಕುಡಿಯುತ್ತಿದ್ದ ಹೆಂಗಸರು ಇತ್ತ ತಿರುಗಿದರು. ಅರಾಸೆಲಿ ತನ್ನ ಶೂಗಳನ್ನೇ ನೋಡುತ್ತಿದ್ದಳು. ನಾಲ್ಕು ಮೂವತ್ತಾರು. ಓರಾಲಿಯಾ ಗಡಿಯಾರದಿಂದ ಕಣ್ಣು ತೆಗೆದಳು. ನಾನೇ ಹೇಳಿಬಿಟ್ಟರೆ? ಐವತ್ತೆಂಟು ಎಂಬ ಒಂದು ಪದ. ಎಲ್ಲವೂ ಸುಲಭವಾಗುತ್ತಿತ್ತು. ಆದರೆ ಆ ಅಂಕ ತನ್ನದಲ್ಲ, ಹುಡುಗಿಯದು. ತನ್ನದು ಎಂದು ಹೇಳಬಹುದಾದದ್ದು ಒಂದೇ ಇತ್ತು.

“ನನ್ನ ಬಗ್ಗೆ ಹೇಳ್ತೀನಿ, ಕೇಳಿ” ಎಂದಳು. “ಕೊನೇ ದಿನ ಇವತ್ತು. ನಾನು ನಾಳೆ ಅಂತ ಬರ್ದಿದ್ದೆ. ಸರಿಯಾಗಿ ಬರ್ದಿದ್ರೆ ನಿನ್ನೆ ಸಂಜೆ ನಿಮ್ಮ ಮನೇಲಿ, ಒಲೆ ಹತ್ರ, ನೀವಿಬ್ರೇ ಕೂತು ಇದನ್ನ ಮಾತಾಡ್ಕೋತಿದ್ರಿ. ಅಳೋದಿದ್ರೆ ಅತ್ತು, ಬಯ್ಯೋದಿದ್ರೆ ಬೈದು. ಆ ಸಂಜೇನ ನಾನು ಕಿತ್ಕೊಂಡೆ. ಅದಕ್ಕೇ ಇಲ್ಲಿ ನಿಂತಿದ್ದೀನಿ.”

ಒಬ್ಬ ಟೀಚರು ತನ್ನ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ಎರ್ಮೀನಿಯಾ ಮೊದಲು ಕಂಡಿರಲಿಲ್ಲವೋ ಏನೋ, ಎತ್ತ ನೋಡಬೇಕೆಂದು ತೋಚದವಳಂತೆ ಹಾಳೆಯನ್ನೇ ನೋಡಿದಳು.

“ಐವತ್ತೆಂಟು” ಎಂದಳು ಅರಾಸೆಲಿ.

“ಏನದು?”

“ನನ್ನ ಮಾರ್ಕ್ಸ್, ಅಮ್ಮ. ಎಪ್ಪತ್ತು ಬೇಕು.”

“ನೂರಕ್ಕಾ?”

“ನೂರಕ್ಕೆ.”

ಒಳಗೆ ಈರುಳ್ಳಿ ಸಾಗಿಸುವ ಬೆಲ್ಟು ತಿರುಗಲು ಶುರುವಾದ ಸದ್ದು ಬಂತು. ಗಂಟೆ ಹೊಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಪರದೆಯೊಳಗೆ ಹೋದರು. “ಎರ್ಮೀನಿಯಾ, ಬಾರೇ, ಮೇಸ್ತ್ರಿ ನೋಡ್ತಾವ್ನೆ!” ಎಂದು ಒಬ್ಬಳು ಕೂಗಿದಳು.

ಎರ್ಮೀನಿಯಾ ಬಗ್ಗಿ, ಶಾಲೆಗೆ ಹೋಗುವ ಮಗುವಿನಂತೆ ಒಂದೊಂದೇ ಅಕ್ಷರ ಜೋಡಿಸಿ, ತನ್ನ ಪೂರ್ತಿ ಹೆಸರು ಬರೆದಳು. ಹಾಳೆಯನ್ನು ಟೀಚರಿಗೆ ಕೊಡದೆ ಮಗಳಿಗೆ ಕೊಟ್ಟಳು. “ನಾನ್ ಹಾಕಿವ್ನಿ. ಕಳ್ಸೋದು ಬಿಡೋದು ನಿಂದು. ಗುಟ್ಟು ಇಟ್ಕೊಳೋ ಅಷ್ಟು ದೊಡ್ಡೋಳಾಗಿದೀಯಲ್ಲ.” ಪರದೆಯ ತನಕ ಹೋದವಳು ತಿರುಗಿದಳು. “ಉಂಡಿಯೇನು?”

ಅರಾಸೆಲಿ ಇಲ್ಲವೆಂದು ತಲೆಯಾಡಿಸಿದಳು.

“ಮನೇಲಿ ತಮಾಲೆ ಐತೆ. ಬಿಸಿ ಮಾಡ್ಕೊ” ಎಂದು ಒಳಗೆ ಹೋದಳು.

ನಾಲ್ಕು ನಲವತ್ಮೂರು. ಗಾಳಿಗೆ ಹಾಳೆ ಪಟಪಟ ಹೊಡೆದುಕೊಳ್ಳುತ್ತಿತ್ತು.

“ಮಿಸ್, ನಿಜ ಹೇಳಿ. ನಂಗೆ ಎಂಬತ್ತೆಂಟು ಬರುತ್ತಾ?”

ಹತ್ತೊಂಬತ್ತು ವರ್ಷಗಳಿಂದ ಈ ಪ್ರಶ್ನೆಗೆ ಓರಾಲಿಯಾಳ ಬಳಿ ಒಂದೇ ಉತ್ತರವಿತ್ತು: ‘ಪ್ರಯತ್ನ ಮಾಡು, ಯಾಕೆ ಬರಲ್ಲ?’ ಅದು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

“ಇಲ್ಲ” ಎಂದಳು. “ಈ ಮೇ ತಿಂಗಳೊಳಗೆ ಬರಲ್ಲ.”

ಅರಾಸೆಲಿ ಮುಖ ತಿರುಗಿಸಿದಳು. ಕಳಿಸುವುದು ಬಿಡುವುದು ಅವಳದೇ ಎಂದು ಓರಾಲಿಯಾ ಕಾಲೇಜಿನ ವಿಳಾಸ ತೆರೆದ ತನ್ನ ಫೋನನ್ನು ಬಾನೆಟ್ಟಿನ ಮೇಲಿಟ್ಟು, ನಾಲ್ಕು ಹೆಜ್ಜೆ ದೂರ ಹೋಗಿ, ಲಾರಿಗಳ ಕಡೆ ಮುಖ ಮಾಡಿ ನಿಂತಳು. ಹೇಳಿದ್ದು ಸರಿಯಾ? ಈ ಹುಡುಗಿ ಇನ್ನು ಗಣಿತದ ಪುಸ್ತಕ ಮುಟ್ಟುತ್ತಾಳಾ? ತಿರುಗಿ ನೋಡಬಾರದೆಂದು ಒಂದು ಲಾರಿಯ ಚೀಲಗಳನ್ನು ಎಣಿಸತೊಡಗಿದಳು, ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು.

“ಮಿಸ್! ಫೋಟೋ ಮಸುಕಾಗಿದೆ ಅಂತ ವಾಪಸ್ ಬಂತು! ಹಾಳೆ ಹಿಡ್ಕೊಳಿ, ಹಾರ್ತಿದೆ!”

ಓಡಿಹೋಗಿ ಹಾಳೆಯ ನಾಲ್ಕೂ ಮೂಲೆ ಒತ್ತಿ ಹಿಡಿದಳು. ಬಾನೆಟ್ಟು ಅಂಗೈಯನ್ನು ಸುಡುತ್ತಿತ್ತು. ಅರಾಸೆಲಿ ಉಸಿರು ಕಟ್ಟಿ ಫೋಟೋ ತೆಗೆದಳು, ಕಳಿಸುವ ಗುಂಡಿ ಒತ್ತಿದಳು. ಫೋನಿನ ಪರದೆಯ ಮೇಲೆ ಒಂದು ಚಕ್ರ ಸುತ್ತಿತು, ಸುತ್ತಿತು. ನಾಲ್ಕು ಐವತ್ತೇಳಕ್ಕೆ ‘ಸ್ವೀಕರಿಸಲಾಗಿದೆ’ ಎಂದು ಬಂತು.

ಇಬ್ಬರೂ ಕಾರಿನಲ್ಲಿ ಕೂತರು. ಮನೆಯವರೆಗೂ, ಗುಂಡಿ ಬಂದಾಗಲೆಲ್ಲ, ಹಿಂದಿನ ಸೀಟಿನ ಗಿಟಾರೋನಿನ ಒಂದು ತಂತಿ ತಾನೇ ಮಿಡಿಯುತ್ತಿತ್ತು.

ಮರುದಿನ ಶುಕ್ರವಾರ. ಓರಾಲಿಯಾ ಬೇಗ ಬಂದು, ಪ್ರಿನ್ಸಿಪಾಲರಿಗೂ ಕಾಲೇಜಿಗೂ ತನ್ನ ತಪ್ಪನ್ನು ವಿವರಿಸಿ ಬರೆದಿದ್ದ ಪತ್ರವನ್ನು ಮತ್ತೆರಡು ಸಲ ಓದಿ ಕಳಿಸಿದಳು. ಒದ್ದೆ ಬಟ್ಟೆಯಿಂದ ಬೋರ್ಡಿನ ಮೂಲೆ ಒರೆಸಿದಳು. ಎರಡು ವಾರ ಕೂತಿದ್ದ ಹಸಿರು ಪೂರ್ತಿ ಹೋಗಲಿಲ್ಲ. ಹಾಜರಿ ಪಟ್ಟಿ ತೆರೆದಾಗ ಅರಾಸೆಲಿಯ ಹೆಸರು ಆಗಲೇ ಇರಲಿಲ್ಲ. ಮೇಲಿನ ಹೆಸರೂ ಕೆಳಗಿನ ಹೆಸರೂ ಹತ್ತಿರ ಸರಿದು ಜಾಗ ಮುಚ್ಚಿಕೊಂಡಿದ್ದವು. ಅಭ್ಯಾಸದ ಹಾಳೆಗಳನ್ನು ಆ ಪಟ್ಟಿಯ ಲೆಕ್ಕಕ್ಕೇ, ಇಪ್ಪತ್ತೆರಡು, ಜೊತೆಗೆ ತನಗೊಂದು, ಮುದ್ರಿಸಿದಳು.

ಗಂಟೆಯಾಯಿತು. ಹಾಳೆಗಳನ್ನು ಸಾಲುಸಾಲಾಗಿ ಕೊಡುತ್ತ ಕಿಟಕಿಯ ಬದಿಗೆ ಬಂದಾಗ, ಮೂರನೇ ಡೆಸ್ಕಿನಲ್ಲಿ, ಕೋರ್ಸು ಬಿಟ್ಟಿದ್ದರೂ, ಅರಾಸೆಲಿ ಕೂತಿದ್ದಳು. ನೋಟ್‌ಬುಕ್ ತೆರೆದು, ಮೇಲ್ಗಡೆ ತಾರೀಕು ಬರೆದು, ಅಡಿಗೆರೆ ಎಳೆಯುತ್ತಿದ್ದಳು.

“ಅಮ್ಮ ಚಿಕ್ಕಮ್ಮಂದಿರಿಗೆ ಫೋನ್ ಮಾಡಿದ್ಲು” ಎಂದಳು ತಲೆ ಎತ್ತದೆ. “ಒಂದು ವಾರ ತಡವಾಗಿ, ಹೈಸ್ಕೂಲಿಂದಕ್ಕೆ ಬನ್ನಿ ಅಂತ.”

ಓರಾಲಿಯಾ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ಹಿಂದಿನ ಸಾಲಿಗೆ ಆಗುವಷ್ಟೇ ಇದ್ದವು. ಮೇಜಿಗೆ ಹೋಗಿ, ತನಗೆಂದು ಇಟ್ಟುಕೊಂಡಿದ್ದ ಪ್ರತಿಯನ್ನು ತಂದು, ಅವಳ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟಳು. ಆಮೇಲೆ ಬರಿಗೈಯಲ್ಲಿ ಬೋರ್ಡಿನ ಹತ್ತಿರ ಹೋಗಿ, ಮೊದಲ ಲೆಕ್ಕವನ್ನು ನೆನಪಿನಿಂದ ಬರೆಯತೊಡಗಿದಳು.