ಮೊದಲ ಆಯ್ಕೆ

ಆ ಹಳದಿ ಕೋಟು ಮೆರ್ಲ್‌ಳದೇ. ಜೋನಾ ಫೆಲ್ಡ್ ಥಟ್ಟನೆ ಒಬ್ಬ ದಢೂತಿ ಗಂಡಸಿನ ಬೆನ್ನಿಗೆ ಮರೆಯಾಗಿ ನಿಂತ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು, ನಾಲ್ಕು ಜನ ಮರ್ಯಾದೆ ಕೊಡುವಂಥವನು, ಮಾರ್ಲೋ ಶಾಲೆಯ ಪ್ರಯೋಗಾಲಯದಲ್ಲಿ ಕಳ್ಳನ ಹಾಗೆ ಅಡಗಿದ್ದ.

"ನಮ್ಮಲ್ಲಿ ಮಕ್ಕಳು ಆರನೇ ತರಗತಿಯಲ್ಲೇ ರೊಬೋಟ್ ಮಾಡ್ತಾರೆ," ಎನ್ನುತ್ತಿದ್ದಳು ಶಾಲೆ ತೋರಿಸುತ್ತಿದ್ದ ಹೆಂಗಸು.

ತಂದೆತಾಯಿಗಳು ತಲೆಯಾಡಿಸಿದರು. ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ, ಎಲ್ಲರ ಮುಖದಲ್ಲೂ ನಗು. ಪಕ್ಕದವರು ಮೆಟ್ಟಿಲಲ್ಲಿ ಜಾರಿ ಬಿದ್ದರೆ ಒಂದು ಸೀಟು ಉಳಿಯಿತೆಂದು ಖುಷಿಪಡುವವರ ನಗು ಅದು. ಜೋನಾ ಕೂಡ ನಗುತ್ತಿದ್ದ.

ಬ್ರೂಕ್ಲಿನ್ನಿನಲ್ಲಿ ಚಳಿ ಶುರುವಾಗುವ ಹೊತ್ತಿಗೆ ಐದನೇ ತರಗತಿಯ ಮಕ್ಕಳಿರುವವರಿಗೆ ಇದೇ ಕೆಲಸ. ರಜ ಹಾಕಿ ಶಾಲೆಯಿಂದ ಶಾಲೆಗೆ ಅಲೆಯುತ್ತಾರೆ. ಎಲ್ಲವೂ ಸರ್ಕಾರಿ ಶಾಲೆಗಳು, ಎಲ್ಲವೂ ಪುಕ್ಕಟೆ. ಇಷ್ಟವಾದವನ್ನು ಒಂದು, ಎರಡು, ಮೂರು ಎಂದು ಬರೆದು ಕಳಿಸಿದರೆ ಇಲಾಖೆ ಲಾಟರಿ ಎತ್ತುತ್ತದೆ. ಪ್ರತಿ ಮಗುವಿಗೂ ಮೊದಲೇ ಅಂಕಿಯೂ ಅಕ್ಷರವೂ ಬೆರೆತ ಒಂದು ಸಂಖ್ಯೆ ಕೊಟ್ಟಿರುತ್ತದೆ. ಅದು ಸೊನ್ನೆಯಿಂದ ಶುರುವಾದರೆ ಕೇಳಿದ ಶಾಲೆ ಸಿಕ್ಕಂತೆಯೇ. ಎಫ್ ಅಕ್ಷರದಿಂದ ಶುರುವಾದರೆ ಗೋವಿಂದ. ಜೋನಾನ ಮಗಳು ಹೇಝಲ್‌ಳದು ನಡುವೆಲ್ಲೋ ತೂಗಾಡುತ್ತಿತ್ತು. ಬರೆದು ಕಳಿಸಲು, ಕಳಿಸಿದ್ದನ್ನು ಬದಲಿಸಲು ಇವತ್ತೇ ಕಡೆಯ ದಿನ.

"ಏನ್ ಮೇಷ್ಟ್ರೇ, ಅಡಗೋಕೆ ಆ ಬೆನ್ನು ಸಾಕಾಗುತ್ತಾ?"

ಮೆರ್ಲ್ ಎದುರಿಗೇ ನಿಂತಿದ್ದಳು. ಟ್ರಿನಿಡಾಡಿನವಳು, ನರ್ಸು, ಅವನ ಬೀದಿಯವಳೇ. ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣು ಕೆಂಪಗಿತ್ತು. ಅವಳ ಮಗಳು ಕೆಝಿಯಾ ಹೇಝಲ್‌ಳ ಜೀವದ ಗೆಳತಿ.

"ಸುಮ್ನೆ ನೋಡ್ಕೊಂಡು ಹೋಗೋಣ ಅಂತ," ಎಂದ ಜೋನಾ.

"ನಾನೂ ಸುಮ್ನೇ."

"ಹೋಲಿಸಿ ನೋಡೋದ್ರಲ್ಲಿ ತಪ್ಪೇನಿಲ್ಲವಲ್ಲ."

"ತಪ್ಪು ಅಂತ ಯಾರಂದ್ರೀಗ?"

ಯಾರೂ ಅಂದಿರಲಿಲ್ಲ. ವಸಂತದಲ್ಲಿ ಬೀದಿಯವರನ್ನೆಲ್ಲ ಕೂಡಿಸಿದ್ದವನು ಜೋನಾನೇ. ಡಾಬ್ಸ್ ಬೀದಿ ಶಾಲೆ ಅವರ ಮನೆಗಳಿಗೆ ಕೂಗಳತೆಯಲ್ಲಿತ್ತು. ಬಿಳಿಯರ ಮಕ್ಕಳು ಮಾತ್ರ ಅದರ ಗೇಟಿನ ಮುಂದೆಯೇ ಬಸ್ಸು ಹತ್ತಿ ಬೇರೆ ಕಡೆ ಹೋಗುತ್ತಿದ್ದರು. ನಾವೆಲ್ಲ ಇದನ್ನೇ ಮೊದಲ ಆಯ್ಕೆ ಮಾಡಿದರೆ ಶಾಲೆ ಹೇಗೆ ಬದಲಾಗುವುದಿಲ್ಲ ನೋಡೋಣ ಎಂದು ಭಾಷಣ ಬಿಗಿದಿದ್ದ. ಕೊನೆಯಲ್ಲಿ ದನಿ ನಡುಗಿತ್ತು. ಆ ನಡುಕ ಅವನಿಗೇ ಬಹಳ ಹಿಡಿಸಿತ್ತು.

ಚಪ್ಪಾಳೆ ತಟ್ಟಿದವರು ಬಹಳ. ಮಾತು ಕೊಟ್ಟವಳು ಮೆರ್ಲ್ ಒಬ್ಬಳೇ. ಕೆಝಿಯಾ, ಹೇಝಲ್ ಇಬ್ಬರೂ ಡಾಬ್ಸ್ ಬೀದಿಗೆ, ಒಟ್ಟಿಗೆ. ಅಂದಿನಿಂದ ಹೇಝಲ್ ಮನೆಯಲ್ಲಿ ಬೇರೆ ಶಾಲೆಯ ಹೆಸರೆತ್ತಲು ಬಿಡುತ್ತಿರಲಿಲ್ಲ. ಆದರೆ ಹೆಂಡತಿ ರಾಬಿನ್ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಭಾಷಣ ನಿಂದು. ಮಗಳು ನಮ್ಮಿಬ್ರದು. ಇವತ್ತು ಬದಲಾಯಿಸ್ತೀಯ," ಎಂದಿದ್ದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಡಾಬ್ಸ್ ಬೀದಿ ಶಾಲೆಯನ್ನೂ ತಂದೆತಾಯಿಗಳಿಗೆ ಇವತ್ತೇ ತೋರಿಸುತ್ತಿದ್ದರು. ಇಬ್ಬರೂ ಒಂದೇ ಬಸ್ಸು ಹತ್ತಬೇಕಾಯಿತು. ಮೆರ್ಲ್ ಚೀಲದಿಂದ ಆಲೂ ಸುತ್ತಿದ ರೊಟ್ಟಿ ತೆಗೆದು ಅರ್ಧ ಮುರಿದು ಕೊಟ್ಟಳು. ಬೇಡವೆನ್ನಲಾಗದೆ ತಿಂದ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

"ಕೆಝಿಯಾದು ಯಾವುದರಿಂದ ಶುರು?" ಕಿಟಕಿಯಾಚೆ ನೋಡುತ್ತ ಕೇಳಿದ.

"ಸೊನ್ನೆಯಿಂದ."

ಎರಡು ಸಲ ನೆಗಡಿಯಲ್ಲಿ ತಾನು ಔಷಧಿ ತಂದುಕೊಟ್ಟ ಆ ಹುಡುಗಿಯನ್ನು, ಕೆಂಪು ಕಣ್ಣಿನ ಈ ತಾಯಿಯನ್ನು, ಆ ಕ್ಷಣ ಅವನು ಮನಸಾರೆ ದ್ವೇಷಿಸಿದ. ಅವಳ ಮಗಳು ಮಾರ್ಲೋದಲ್ಲಿ ರೊಬೋಟ್ ಮಾಡುತ್ತಾಳೆ. ತನ್ನ ಮಗಳು, ತಾನು ಯಾವುದರ ಪರ ಭಾಷಣ ಬಿಗಿದಿದ್ದನೋ ಆ ಶಾಲೆಯಲ್ಲಿ ಒಬ್ಬಳೇ ಕೂರುತ್ತಾಳೆ.

"ನಾನಂತೂ ಡಾಬ್ಸ್ ಬೀದೀನೇ ಮೊದಲು ಹಾಕೋದು," ಎಂದ. ದನಿ ಆಗಿನಂತೆಯೇ ನಡುಗಿತು. "ಒಬ್ಬೊಬ್ರೇ ಜಾರ್ಕೊಂಡ್ರೆ ಆ ಶಾಲೆ ಯಾವತ್ತು ಉದ್ಧಾರ ಆಗೋದು?"

ಸಾವಿರಾರು ಮಕ್ಕಳ ಲಾಟರಿಯಲ್ಲಿ ಇವಳೊಬ್ಬಳು ಹಿಂದೆ ಸರಿದರೆ ಹೇಝಲ್‌ಗೆ ಕೂದಲೆಳೆಯಷ್ಟೂ ಲಾಭವಿಲ್ಲವೆಂದು ಅವನಿಗೆ ಗೊತ್ತಿತ್ತು. ಅದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವನು ಅವನು. ಆದರೂ ಅವಳು ಸರಿಯಬೇಕಿತ್ತು.

ಮೆರ್ಲ್ ಅವನನ್ನೇ ನೋಡಿದಳು. "ನಿಮ್ಮ ಭಾಷಣದ ಸುದ್ದಿ ಕೇಳಿ ನನ್ನ ತಂಗಿ ಬಿದ್ದು ಬಿದ್ದು ನಕ್ಕಿದ್ಲು. ಆ ಬಿಳಿ ಮೇಷ್ಟ್ರು ನಿನ್ನ ಮಗಳ ಹೆಗಲೇರಿ ಪುಣ್ಯ ಸಂಪಾದಿಸ್ತಾ ಇದಾನೆ ಕಣೇ, ಅಂದ್ಲು. ನಾನವಳಿಗೆ ಬೈದಿದ್ದೆ."

"ಈಗ?"

"ಈಗ ನಿಮ್ಮ ಫೋನು ತೋರಿಸಿ. ಏನು ಹಾಕಿದೀರಿ ನೋಡ್ತೀನಿ."

ತೋರಿಸಿದ. ತಿಂಗಳ ಹಿಂದೆ ತುಂಬಿದ್ದು ಹಾಗೇ ಇತ್ತು: ಮೊದಲನೆಯದು ಡಾಬ್ಸ್ ಬೀದಿ. ಸುಳ್ಳೇನೂ ಅಲ್ಲ.

ಮೆರ್ಲ್ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಆಮೇಲೆ ತನ್ನ ಫೋನು ತೆಗೆದು, ಮಾರ್ಲೋವನ್ನು ಕೆಳಗೆ ತಳ್ಳಿ, ಡಾಬ್ಸ್ ಬೀದಿಯನ್ನು ಮೇಲಕ್ಕೆ ತಂದು ಕಳಿಸಿಯೇ ಬಿಟ್ಟಳು.

"ಕ್ಷಮಿಸಿ ಮೇಷ್ಟ್ರೇ. ನಿಮ್ಮನ್ನ ಅನುಮಾನಿಸಿಬಿಟ್ಟೆ," ಎಂದಳು.

"ಪರವಾಗಿಲ್ಲ ಬಿಡಿ," ಎಂದ ಜೋನಾ.

ಡಾಬ್ಸ್ ಬೀದಿ ಶಾಲೆ ಕೆಟ್ಟದಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಅದು ಕೆಟ್ಟದಾಗಿರಲಿಲ್ಲ. ಬಾಗಿಲಲ್ಲಿ ಕೂತ ಕಾವಲಿನ ಹೆಂಗಸು ಗುರುತಿನ ಚೀಟಿ ನೋಡಿ, "ಒಳಗೆ ಬನ್ನಿ, ಚಳಿ," ಎಂದಳು. ಆರನೇ ತರಗತಿಯ ಗಣಿತದ ಕೋಣೆಯಲ್ಲಿ ಹಿಂದಿನ ಗೋಡೆಗೆ ಒರಗಿ ನಿಂತರು. ಭಿನ್ನರಾಶಿಯೊಂದರ ಮೇಲೆ ಇಬ್ಬರು ಹುಡುಗಿಯರು ಜಗಳಕ್ಕೇ ಬಿದ್ದಿದ್ದರು. ಮೇಡಂ ಯಾರ ಪರವೂ ವಹಿಸದೆ, "ಹಾಗಾದ್ರೆ ತೋರ್ಸು, ತೋರ್ಸು," ಎನ್ನುತ್ತಿದ್ದಳು. ಇಷ್ಟು ಚೆನ್ನಾಗಿ ಪಾಠ ಮಾಡುವವರನ್ನು ಜೋನಾ ತನ್ನ ಕಾಲೇಜಿನಲ್ಲೂ ಕಂಡಿರಲಿಲ್ಲ.

ಅವನ ಕಣ್ಣು ಮಾತ್ರ ಬೆಂಚಿನಿಂದ ಬೆಂಚಿಗೆ ಹೋಗಿ ಮಕ್ಕಳ ಮೈಬಣ್ಣ ಎಣಿಸುತ್ತಿತ್ತು. ಎಣಿಸುತ್ತಿದ್ದೇನೆಂದು ಗೊತ್ತಾಯಿತು. ನಿಲ್ಲಿಸಲು ಆಗಲಿಲ್ಲ.

"ಹೇಝಲ್ ಆ ಕಿಟಕಿ ಪಕ್ಕ ಕೂತಿರೋದು ಈಗ್ಲೇ ಕಾಣ್ತಿದೆ ನಂಗೆ," ಎಂದು ಪಿಸುಗುಟ್ಟಿದಳು ಮೆರ್ಲ್. ದಣಿದ ಮುಖ ಅರಳಿತ್ತು.

"ಒಂದು ಫೋನ್ ಮಾಡಿ ಬಂದೆ," ಎಂದು ಜೋನಾ ಹೊರಗೆ ಬಂದ.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಮಾರ್ಲೋವನ್ನು ಮೇಲಕ್ಕೆ ತಂದ. ಡಾಬ್ಸ್ ಬೀದಿಯನ್ನು ಎರಡನೆಯದಾಗಿ ಇಟ್ಟ. ಅಷ್ಟಕ್ಕೇ ಸಮಾಧಾನವಾಗದೆ ಅದನ್ನು ತೆಗೆದೇ ಹಾಕಿದ. ಕಳಿಸಿದ. ಮೈಯೆಲ್ಲ ಹಗುರಾಯಿತು. ಹೇಝಲ್‌ಗೆ ಲಾಟರಿಯದೇ ತಪ್ಪು ಎಂದುಬಿಡಬಹುದು, ಮೆರ್ಲ್‌ಗೂ ಅಷ್ಟೇ. ಲಾಟರಿಗೆ ಬಾಯಿಲ್ಲ.

ಆಗ ಧ್ವನಿವರ್ಧಕ ಗೊರಗುಟ್ಟಿತು. "ಎಲ್ಲರೂ ಗಮನಿಸಿ. ಇದು ಬೀಗದ ಅಭ್ಯಾಸ. ಬಾಗಿಲು ಭದ್ರ ಮಾಡಿ, ದೀಪ ಆರಿಸಿ, ಕಣ್ಣಿಗೆ ಬೀಳದ ಹಾಗೆ ಕೂತ್ಕೊಳ್ಳಿ."

ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಈ ದೇಶದಲ್ಲಿ ಮಕ್ಕಳಿಗೆ ಹೀಗೆ ರೂಢಿ ಮಾಡಿಸುತ್ತಾರೆ. ಜೋನಾ ಓಡಿದ. ಕಾರಿಡಾರಿನುದ್ದಕ್ಕೂ ಟಕ್, ಟಕ್ ಎಂದು ಬೀಗಗಳು ಬಿದ್ದವು. ಬಾಗಿಲ ಗಾಜುಗಳ ಮೇಲೆ ಕಪ್ಪು ಕಾಗದ ಇಳಿಯಿತು. ಗಣಿತದ ಕೋಣೆಯ ಹಿಡಿ ತಿರುಗಿಸಿದ. ಅದು ತೆರೆಯಲಿಲ್ಲ.

"ನಾನು. ಜೋನಾ. ಈಗಷ್ಟೇ ಒಳಗಿದ್ದೆನಲ್ಲ."

ಸದ್ದಿಲ್ಲ.

"ಮೆರ್ಲ್? ನಾನು ಕಣ್ರೀ. ಸ್ವಲ್ಪ ಹೇಳಿ ಅವರಿಗೆ."

ಕತ್ತಲೆಯ ಮೂಲೆಯಲ್ಲಿ ಮಕ್ಕಳ ನಡುವೆ ಹಳದಿ ಕೋಟು ಮುದುಡಿ ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಒಳಗೆ ಯಾರೋ ಕಿಸಕ್ಕೆಂದರು. ಹುಡುಗಿಯೊಬ್ಬಳು ಗದರಿದಳು: "ಶ್! ನುಗ್ಗೋಕೆ ಬಂದೋರು ಗುರುತಿನವರ ಹೆಸರೇ ಹೇಳ್ತಾರೆ. ತೆಗೀಬಾರ್ದು."

ಅವನು ಇನ್ನೊಂದು ಬಾಗಿಲಿಗೆ ಹೋದ. ಅದರ ಹಿಡಿ ಅಲ್ಲಾಡಿಸಿದೊಡನೆ ಒಳಗೆ ಪಿಸುಮಾತು ನಿಂತುಹೋಯಿತು. ಮುಂದಿನದರಲ್ಲೂ ಹಾಗೇ. ಅವನ ಬೂಟಿನ ಸದ್ದು ಹತ್ತಿರವಾದಂತೆ ಒಂದೊಂದು ಕೋಣೆಯೂ ಉಸಿರು ಬಿಗಿಹಿಡಿಯುತ್ತಿತ್ತು. ಇಡೀ ಶಾಲೆಯಲ್ಲಿ ದೀಪ ಉರಿಯುತ್ತಿದ್ದದ್ದು ಅವನಿದ್ದ ಕಾರಿಡಾರಿನಲ್ಲಿ ಮಾತ್ರ. ಅವನು ಕೈ ಚಾಚಿ ಮತ್ತೊಂದು ಹಿಡಿ ತಿರುಗಿಸಿದ. ಒಳಗೆ ಒಂದು ಮಗು ನಿಜವಾಗಿಯೇ ಅಳತೊಡಗಿತು.