ನೀಲಿ ರಕ್ತದ ಪಕ್ಷಪಾತಿ

ನನ್ನ ಅಕ್ಕನ ಗಂಡನಿಗೆ ಕೆಂಪು ರಕ್ತವೆಂದರೆ ಒಂದು ಬಗೆಯ ತಾತ್ಸಾರ. ಅಡುಗೆಮನೆಯಲ್ಲಿ ಅಕ್ಕ ಬೆರಳು ಕೊಯ್ದುಕೊಂಡು ಕೂಗಿದರೆ ಎಲ್ಲರಿಗಿಂತ ಮೊದಲು ಹತ್ತಿ ಹಿಡಿದು ಓಡಿಬರುವವರು ಅವರೇ, ಗಾಯವನ್ನು ತೊಳೆದು, ಊದಿ, ಎಳೆಮಗುವಿಗೆ ಕಟ್ಟುವಷ್ಟು ಮೃದುವಾಗಿ ಬಟ್ಟೆ ಕಟ್ಟುವವರೂ ಅವರೇ, ಆದರೆ ಕೊನೆಯ ಗಂಟು ಬಿಗಿಯುವಾಗ ಹತ್ತಿಯ ಮೇಲಿನ ಕಲೆಯನ್ನೊಮ್ಮೆ ನೋಡಿ, "ಕಬ್ಬಿಣ. ಬರೀ ಕಬ್ಬಿಣ," ಎಂದು ನಿಟ್ಟುಸಿರು ಬಿಡದೆ ಇರಲಾರರು. ಏಡಿಯ ರಕ್ತದಲ್ಲಿರುವುದು ತಾಮ್ರ. ಗಾಳಿ ತಾಗಿದೊಡನೆ ಅದು ನೀಲಿಗೆ ತಿರುಗುತ್ತದೆ. ಏಡಿಗಳ ಅಧ್ಯಯನದಲ್ಲಿ ಜೀವಮಾನವೆಲ್ಲ ಆ ನೀಲಿಯನ್ನು ಕಂಡ ಕಣ್ಣಿಗೆ ನಮ್ಮೆಲ್ಲರ ಕೆಂಪು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಅಕ್ಕನೂ ಸುಮ್ಮನಿರುವವಳಲ್ಲ. "ತಾಮ್ರದವಳನ್ನೇ ಕಟ್ಕೋಬೇಕಿತ್ತು. ದಿನಾ ತಿಕ್ಕಿ ಬೆಳಗೋದ್ರಲ್ಲೇ ನಿಮ್ಮ ಆಯುಸ್ಸು ಮುಗೀತಿತ್ತು," ಎನ್ನುತ್ತಾಳೆ.

ಭಾವ ಕೆಲಸ ಮಾಡುತ್ತಿದ್ದುದು ಕಡಲಂಚಿನ ಸಂಶೋಧನಾಲಯವೊಂದರ ನೆಲಮಾಳಿಗೆಯಲ್ಲಿ. ಗಾಜಿನ ತೊಟ್ಟಿಗಳ ಎರಡು ಸಾಲು, ನಡುವೆ ಮನುಷ್ಯಮಾತ್ರದವನು ನೇರವಾಗಿ ಹಾಯಲಾರದ ಓಣಿ. ಅಲ್ಲಿ ಅಡ್ಡಡ್ಡ ಸರಿದಾಡಿ ಸರಿದಾಡಿ, ವಿಶಾಲವಾದ ರಸ್ತೆಯಲ್ಲೂ ಬಲಭುಜವನ್ನು ಮುಂದುಮಾಡಿ ನಡೆಯುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಸಹೋದ್ಯೋಗಿಗಳು 'ಏಡಿ ಮೇಷ್ಟ್ರು' ಎಂದು ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮುಂದೆಯೇ ಕರೆದರು. ಪ್ರಬಂಧಕಾರನಾದ ನಾನು ಹೋಲಿಕೆ ಸಿಕ್ಕರೆ ಬಿಡುವವನಲ್ಲ. ಒಮ್ಮೆ ಆ ನಡಿಗೆಯ ಬಗ್ಗೆ ಏನೋ ಹೇಳಹೊರಟಾಗ ಕೈಯೆತ್ತಿ ತಡೆದರು. "ಏಡಿಗೆ ಕೀಲು ಮಡಿಚೋದೇ ಪಕ್ಕಕ್ಕೆ, ಅದಕ್ಕೆ ಅದು ಹಾಗೆ ನಡೆಯುತ್ತೆ. ನನಗೆ ಜಾಗ ಇಲ್ಲ, ಅದಕ್ಕೆ ನಾನು ಹೀಗೆ ನಡೀತೀನಿ. ಎರಡಕ್ಕೂ ಗಂಟು ಹಾಕ್ಬೇಡ."

ಅವರ ಕಂದುಬಣ್ಣದ ಉಣ್ಣೆಯ ಕೋಟಿನ ಕಥೆಯೂ ಹಾಗೆಯೇ. ತೊಟ್ಟಿಯ ನೀರಿನ ಶಾಖ ಕೂದಲೆಳೆಯಷ್ಟೂ ಆಚೀಚೆ ಆಗಕೂಡದು ಎಂಬುದು ಅವರ ವ್ರತ. ಅದಕ್ಕಾಗಿ ಇಡೀ ಕೋಣೆಯನ್ನೇ ತಂಪಾಗಿರಿಸಿ, ತಾವು ಕೋಟು ತೊಟ್ಟು, ಬಾಗಿಲನ್ನು ಅರೆಗಳಿಗೆ ತೆರೆದಿಟ್ಟವರ ಮೇಲೆ ಹರಿಹಾಯುತ್ತಿದ್ದರು. ಬೇಸಗೆಯಲ್ಲಿ ಅದನ್ನು ಕಳಚುವುದನ್ನು ಮರೆತು, ಬೆವರು ಸುರಿಸುತ್ತ ಪೇಟೆಯಲ್ಲೆಲ್ಲ ಓಡಾಡಿದ್ದೂ ಉಂಟು. ಅದರ ಎರಡು ಜೇಬಿನಲ್ಲಿ ಎರಡು ಉಷ್ಣಮಾಪಕಗಳು. ಎರಡೇಕೆಂದು ಕೇಳಿದರೆ, "ಒಂದು ಸುಳ್ಳು ಹೇಳಿದ್ರೆ ಇನ್ನೊಂದು ಹಿಡಿದುಹಾಕುತ್ತೆ," ಎನ್ನುವರು.

ಒಂದು ಬೆಳಿಗ್ಗೆ ಅವರನ್ನು ಕಾಣಹೋದಾಗ ಮೊದಲ ತೊಟ್ಟಿಯಲ್ಲೇ ಒಂದು ಏಡಿ ಅಲುಗಾಡದೆ ಬಿದ್ದಿತ್ತು. ಕಾಲು, ಇಕ್ಕಳದಂಥ ಕೈ ಎಲ್ಲ ಇದ್ದೂ ಜೀವವಿರಲಿಲ್ಲ. ಭಾವನ ಮಮತೆಯನ್ನು ಬಲ್ಲ ನಾನು ದನಿ ತಗ್ಗಿಸಿ, "ಹೋಗ್ಬಿಡ್ತಲ್ಲ ಭಾವ, ಸಮಾಧಾನ ಮಾಡ್ಕೊಳ್ಳಿ," ಎಂದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು. "ಅಯ್ಯೋ ಪುಣ್ಯಾತ್ಮ, ಅದು ಬರೀ ಚಿಪ್ಪು ಕಣಯ್ಯ! ಒಳಗಿದ್ದವರು ಅಲ್ಲಿದ್ದಾರೆ ನೋಡು." ಕಲ್ಲಿನ ಹಿಂದೆ, ಬೆಣ್ಣೆಯಂತೆ ಮೆತ್ತಗಾಗಿ, ಮೊದಲಿಗಿಂತ ದೊಡ್ಡದಾಗಿ, ಅದೇ ಏಡಿ ಮುದುಡಿ ಕುಳಿತಿತ್ತು. ಚಿಪ್ಪು ಹಿಗ್ಗುವ ವಸ್ತುವಲ್ಲವಾದ್ದರಿಂದ, ಅದನ್ನು ಕಳಚಿದಾಗಲೆಲ್ಲ ಒಂದಿಷ್ಟು ದೊಡ್ಡದಾಗುವುದೇ ಏಡಿ ಬೆಳೆಯುವ ಕ್ರಮವೆಂದು ನಾನು ಅಂದು ಕಲಿತೆ. ನನ್ನ ಸಂತಾಪಸೂಚನೆಯ ಸುದ್ದಿ ಮಾತ್ರ ವರ್ಷಗಟ್ಟಲೆ ಆ ಕಟ್ಟಡದಲ್ಲಿ ಓಡಾಡಿತು.

ಏಡಿಯ ಮೈಯೊಳಗೆ ಆಮ್ಲಜನಕವನ್ನು ಹೊತ್ತು ತಿರುಗುವುದು ಹೀಮೊಸಯನಿನ್ ಎಂಬ ಪ್ರೋಟೀನು. ಮರಿಯದು ಒಂದು ಬಗೆ, ಬೆಳೆದ ಏಡಿಯದು ಇನ್ನೊಂದು ಬಗೆ. ಬೆಳೆದದ್ದರ ಪ್ರೋಟೀನಿಗೆ ಆಮ್ಲಜನಕದ ಮೇಲೆ ಹಿಡಿತ ಹೆಚ್ಚು. ಈ ಮಾರ್ಪಾಡು ಯಾವುದರಿಂದ ಆಗುತ್ತದೆಂಬುದೇ ಭಾವನ ಬಾಳಿನ ಪ್ರಶ್ನೆ, ಮತ್ತು ಉತ್ತರವೂ ಅವರಲ್ಲಿ ಸಿದ್ಧವಾಗಿತ್ತು: ವಯಸ್ಸು. "ವಯಸ್ಸಾದ್ರೆ ಬುದ್ಧಿ ಬರುತ್ತೋ ಬಿಡುತ್ತೋ, ಏಡಿಗೆ ರಕ್ತವಂತೂ ಬಲಿಯುತ್ತೆ," ಎಂದು ಅವರು ಹೇಳದ ಸಭೆಯಿರಲಿಲ್ಲ. ನಿವೃತ್ತಿ ಹತ್ತಿರವಾದಾಗ ಬೀಳ್ಕೊಡುಗೆಯ ಭಾಷಣಕ್ಕೂ ಅದನ್ನೇ ಆರಿಸಿಕೊಂಡರು.

ಅಷ್ಟರಲ್ಲಿ ಬಂದಳು ಭಾವನ ಮಗಳು. ಅವಳೂ ಏಡಿಗಳ ಹಿಂದೆ ಬಿದ್ದವಳೇ, ಬೇರೊಂದು ಸಂಶೋಧನಾಲಯದಲ್ಲಿ. ತಂದೆಯ ತೊಟ್ಟಿಯಿಂದ ಒಟ್ಟಿಗೇ ಹುಟ್ಟಿದ ಮರಿಗಳನ್ನು ಒಯ್ದು, ಕೆಲವನ್ನು ಬೆಚ್ಚನೆಯ ನೀರಿನಲ್ಲೂ ಕೆಲವನ್ನು ತಣ್ಣನೆಯ ನೀರಿನಲ್ಲೂ ಸಾಕಿದ್ದಳು. ಬೆಚ್ಚಗಿದ್ದವು ಬೇಗಬೇಗ ಚಿಪ್ಪು ಕಳಚಿ ದೊಡ್ಡವಾದವು, ಅವುಗಳ ರಕ್ತವೂ ಬಲಿಯಿತು. ತಣ್ಣಗಿದ್ದವು ಅಷ್ಟೇ ವಯಸ್ಸಿನವಾಗಿದ್ದೂ ಚಿಪ್ಪು ಕಳಚುವುದರಲ್ಲಿ ಹಿಂದೆಬಿದ್ದು, ರಕ್ತದ ಮಟ್ಟಿಗೆ ಇನ್ನೂ ಮರಿಗಳಾಗಿಯೇ ಉಳಿದವು. ಅಂದರೆ ಲೆಕ್ಕಕ್ಕೆ ಬರುವುದು ವಯಸ್ಸಲ್ಲ, ಎಷ್ಟು ಬಾರಿ ಚಿಪ್ಪು ಕಳಚಿತೆಂಬುದು. ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು, "ಮಾವ, ಅಪ್ಪನಿಗೆ ಇದನ್ನ ಹೇಗೆ ಹೇಳ್ಲಿ? ಇಡೀ ಜೀವನ ಹೇಳ್ಕೊಂಡು ಬಂದ ಮಾತು ಅದು," ಎಂದು ಕಣ್ಣು ತುಂಬಿಕೊಂಡಳು. ಅಕ್ಕನದು ಒಂದೇ ಮಾತು: "ಭಾಷಣ ಮುಗೀಲಿ ಕಣೇ. ಬಿಟ್ಟುಬರೋ ದಿನ ನಗ್ತಾ ಬರ್ಲಿ." ನನಗೂ ಅದೇ ಸರಿಯೆನಿಸಿತು. ಹೀಗೆ ಮೂವರೂ ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡೆವು.

ಭಾಷಣದ ಹಿಂದಿನ ಸಂಜೆ ನಾವೆಲ್ಲ ಊಟಕ್ಕೆ ಕುಳಿತಿದ್ದೆವು. ಭಾವ ಉತ್ಸಾಹದಿಂದ ಮರುದಿನದ ಮಾತುಗಳನ್ನು ಒಪ್ಪಿಸುತ್ತ 'ವಯಸ್ಸು' ಎಂಬಲ್ಲಿಗೆ ಬರುತ್ತಲೇ ಮಗಳಿಗೆ ತಡೆಯದಾಯಿತು. ತಟ್ಟೆ ಸರಿಸಿ, "ಅಪ್ಪಾ, ಅದು ತಪ್ಪು," ಎಂದು, ಎರಡೂ ಬಗೆಯ ರಕ್ತದ ಪರೀಕ್ಷೆಯ ಚಿತ್ರವನ್ನು ಮುಂದಿಟ್ಟಳು. ಅಕ್ಕನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಭಾವ ಕನ್ನಡಕ ಹಾಕಿಕೊಂಡು ಚಿತ್ರವನ್ನು ದೀಪದ ಬಳಿಗೆ ಒಯ್ದರು.

"ತಣ್ಣೀರಿನವು ಎಷ್ಟು ಸಲ ಕಳಚಿದ್ವು?"

"ಬೆಚ್ಚಗಿದ್ದವುಗಳ ಅರ್ಧದಷ್ಟು."

ಅವರು ಕೋಟಿನ ಜೇಬುಗಳಿಂದ ಎರಡೂ ಉಷ್ಣಮಾಪಕಗಳನ್ನು ತೆಗೆದು ಮೇಜಿನ ಮೇಲಿಟ್ಟು, ಎರಡರ ಅಂಕಿಯನ್ನೂ ಓದಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಥೂ ನನ್ನ! ಎಲ್ಲವನ್ನೂ ಒಂದೇ ಶಾಖದಲ್ಲಿ ಸಾಕಿದ್ನಲ್ಲ! ವಯಸ್ಸೂ ಚಿಪ್ಪೂ ಜೊತೆಜೊತೆಗೇ ನಡೀತಿದ್ವು. ಯಾವುದು ಯಾವುದನ್ನ ಎಳೀತಿದೆ ಅಂತ ನನಗೆ ಹೇಗೆ ಕಾಣ್ಬೇಕು?" ಅಷ್ಟು ಕಟ್ಟುನಿಟ್ಟಾಗಿ ಕಾಯ್ದುಕೊಂಡ ಆ ವ್ರತವೇ ಉತ್ತರವನ್ನು ಮರೆಮಾಡಿತ್ತು. ಹಾಗೆಂದವರೇ ಬಿದ್ದುಬಿದ್ದು ನಗತೊಡಗಿದರು. ಆ ನಗುವಿನಲ್ಲಿ ನೋವೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಒಗಟು ಬಿಡಿಸಿದ ಸಂತೋಷ ಅದಕ್ಕಿಂತ ಬಹಳ ದೊಡ್ಡದಾಗಿತ್ತು, ಮತ್ತು ವಾರವಿಡೀ ಬಚ್ಚಿಟ್ಟಿದ್ದೆವೆಂದು ಒಪ್ಪಿಕೊಂಡಾಗ ನಮ್ಮ ಮೂವರ ಎದೆಯ ಭಾರವೂ ಇಳಿಯಿತು.

ಮರುದಿನ ಸಭೆ ಕಿಕ್ಕಿರಿದಿತ್ತು. ಭಾವ ವೇದಿಕೆಗೆ ಹೋಗಿ, "ಇಷ್ಟು ಕಾಲ ನಾನು ನಿಮಗೆಲ್ಲ ಹೇಳಿದ್ದು ತಪ್ಪು. ಯಾಕೆ ತಪ್ಪು ಅಂತ ನನ್ನ ಮಗಳು ಹೇಳ್ತಾಳೆ," ಎಂದಷ್ಟೇ ಹೇಳಿ, ಮೊದಲ ಸಾಲಿನಲ್ಲಿ ಬಂದು ಕುಳಿತರು. ಅವಳು ಮುಗಿಸಿದ ಕೂಡಲೇ ಮೇಲೆದ್ದ ಮೊದಲ ಕೈಯೂ ಅವರದೇ. "ಮೇಡಂ, ತಣ್ಣೀರಿನ ಏಡಿಗಳು ಹೊಟ್ಟೆ ತುಂಬ ತಿಂತಿದ್ವಾ? ಹಸಿವಿನಿಂದಲೂ ಹೀಗಾಗಬಹುದಲ್ಲ?" ಸಭೆ ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ. ಅದನ್ನು ಅಳೆದಿಲ್ಲವೆಂದು ಅವಳು ಒಪ್ಪಿಕೊಂಡಳು. "ಅಳೀರಿ," ಎಂದು ಹೇಳಿ ಕುಳಿತುಕೊಂಡರು.

ಮನೆಗೆ ನಡೆದುಬರುವಾಗ ಮಗಳು ಮೆಲ್ಲಗೆ, "ಅಪ್ಪಾ, ನಿಮಗೆ ಕೋಪ ಬಂತಾ?" ಎಂದು ಕೇಳಿದಳು.

"ಬಂತು," ಎಂದರು ಭಾವ, ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ. "ಗೊತ್ತಿದ್ದೂ ಒಂದು ವಾರ ಹೇಳ್ಲಿಲ್ಲ ನೀವು. ಆ ಒಂದು ವಾರ ನಾನು ತಪ್ಪನ್ನೇ ನಿಜ ಅಂದ್ಕೊಂಡು ಓಡಾಡ್ಬೇಕಾಯ್ತು."

ಲೋಕದಲ್ಲಿ ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರ ಮಾತು ಬಿದ್ದರೆ ಮನಸ್ಸೂ ಬೀಳುವುದೆಂದು ನಾವು, ಅವರನ್ನು ಪ್ರೀತಿಸುವವರು, ವೃಥಾ ಹೆದರುತ್ತೇವೆ. ತಮ್ಮನ್ನು ವಾದದಲ್ಲಿ ಸೋಲಿಸಿದವರ ಮೇಲೆ ಅವರಿಗೆ ಎಳ್ಳಷ್ಟೂ ಮುನಿಸಿಲ್ಲ. ಮುನಿಸೆಲ್ಲ, ನಿಜ ತಿಳಿದಿದ್ದೂ ಕರುಣೆಯಿಂದ ಸುಮ್ಮನಿದ್ದ ನಮ್ಮ ಮೇಲೆ.